ಕಲ್ಲು ಹೇರುವ ಲಾರಿಗೆ ಬ್ರೇಕ್ ಕೆಲಸ: ಅಂತರಸನಹಳ್ಳಿಯ ಒಂದು ವರ್ಕ್‌ಶಾಪಿನ ಅನುಭವ

ನಮ್ಮದು 2014ರಲ್ಲಿ ನೋಂದಣಿಯಾದ ಹತ್ತು ಚಕ್ರದ ಲಾರಿ. ಶಿರಾ ಸೀಮೆಯ ಗ್ರಾನೈಟ್ ಹೇರಿಕೊಂಡು ಕುಣಿಗಲ್, ಹಾಸನದ ಮೇಲೆ ಶಿರಾಡಿ ಘಾಟಿ ಇಳಿದು ಮಂಗಳೂರು ಬಂದರಿಗೆ ಹೋಗುವುದು ಅದರ ಕೆಲಸ. ಘಾಟಿಯ ಕೊನೆಯ ತಿರುವುಗಳಲ್ಲಿ ಪೆಡಲ್ ಎಷ್ಟು ತುಳಿದರೂ ಬ್ರೇಕ್ ಸರಿಯಾಗಿ ಹಿಡಿಯುತ್ತಿಲ್ಲ, ಲೈನರ್ (ಚಕ್ರದೊಂದಿಗೆ ತಿರುಗುವ ಡ್ರಮ್ಮಿಗೆ ಉಜ್ಜಿ ಅದನ್ನು ತಡೆಯುವ ಪಟ್ಟಿ) ಸುಟ್ಟ ವಾಸನೆ ಕ್ಯಾಬಿನ್ನಿನೊಳಗೇ ಬರುತ್ತಿದೆ ಎಂದು ಚಾಲಕ ಎರಡು ಬಾರಿ ಹೇಳಿದ ಮೇಲೆ, ಹಿಂದಿನ ಎರಡೂ ಆಕ್ಸಲ್‌ಗಳಿಗೆ ದೊಡ್ಡ ಬೂಸ್ಟರ್ (ಗಾಳಿಯ ಒತ್ತಡದಿಂದ ಬ್ರೇಕನ್ನು ಒತ್ತುವ ಡಬ್ಬಿ) ಹಾಕಿಸಿಬಿಡೋಣವೆಂದು ತುಮಕೂರಿನ ಅಂತರಸನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿರುವ, ಏರ್ ಬ್ರೇಕ್ ಕೆಲಸವನ್ನಷ್ಟೇ ಮಾಡುವ ಒಂದು ವರ್ಕ್‌ಶಾಪಿಗೆ ಗಾಡಿಯನ್ನು ಬಿಟ್ಟೆ.

ಬೂಸ್ಟರ್ ಬದಲಿಸಲು ಮೇಸ್ತ್ರಿ ಒಪ್ಪಲಿಲ್ಲ. ಮೊದಲು ಅಳೆಯಬೇಕು ಎಂದರು. ಚಕ್ರಗಳಿಗೆ ಕಲ್ಲು ಕೊಟ್ಟು, ಹ್ಯಾಂಡ್ ಬ್ರೇಕ್ ಬಿಟ್ಟು, ಬೂಸ್ಟರಿನಿಂದ ಹೊರಬರುವ ಪುಶ್ ರಾಡಿನ ಮೇಲೆ ಸೀಮೆಸುಣ್ಣದಲ್ಲಿ ಗೀಟು ಎಳೆದು, ಹುಡುಗನೊಬ್ಬನಿಂದ ಪೆಡಲ್ ತುಳಿಸಿ, ಆ ಗೀಟು ಎಷ್ಟು ಮುಂದೆ ಸರಿಯಿತೆಂದು ಉಕ್ಕಿನ ಸ್ಕೇಲಿನಲ್ಲಿ ನೋಡಿದರು. ನಮ್ಮ ಗಾಡಿಯಲ್ಲಿರುವ ಅಳತೆಯ ಬೂಸ್ಟರಿಗೆ ಈ ಓಟ 51 ಮಿಲಿಮೀಟರ್ ಮೀರಬಾರದು. ನಮ್ಮ ಒಂದು ಚಕ್ರದಲ್ಲಿ 38 ಇದ್ದರೆ ಅದೇ ಆಕ್ಸಲ್‌ನ ಇನ್ನೊಂದು ಬದಿಯಲ್ಲಿ 57 ಇತ್ತು. ರಾಡು ಅಷ್ಟು ದೂರ ಬಂದರೆ ಒಳಗಿನ ಡಯಾಫ್ರಾಮ್ (ಗಾಳಿಗೆ ಉಬ್ಬಿ ರಾಡನ್ನು ತಳ್ಳುವ ರಬ್ಬರ್ ಪೊರೆ) ತನ್ನ ಓಟದ ಕೊನೆಗೆ ಹತ್ತಿರವಾಗಿ ಒತ್ತುವ ಬಲವೇ ಕುಸಿಯುತ್ತದೆ, ಆಗ ಆ ಚಕ್ರದ ಪಾಲಿನ ಕೆಲಸವನ್ನೂ ಉಳಿದ ಚಕ್ರಗಳು ಹೊತ್ತು ಕಾಯುತ್ತವೆ. ಡ್ರಮ್ ಕಾದು ಹಿಗ್ಗಿದಂತೆ ರಾಡು ಇನ್ನಷ್ಟು ದೂರ ಓಡಬೇಕಾಗುತ್ತದೆ. ಘಾಟಿಯ ಮೇಲ್ಭಾಗದಲ್ಲಿ ಸರಿಯಾಗಿದ್ದ ಬ್ರೇಕ್ ಕೆಳಗೆ ಬರುವಷ್ಟರಲ್ಲಿ ಸೋಲುತ್ತಿದ್ದುದಕ್ಕೆ ಇದೇ ಕಾರಣ.

ಈ ಬಿಸಿಯ ಪ್ರಮಾಣವನ್ನು ನಾನೂ ಮನೆಯಲ್ಲಿ ಲೆಕ್ಕ ಹಾಕಿ ನೋಡಿದೆ. 25 ಟನ್ ತೂಗುವ ಲಾರಿ ವೇಗ ಹೆಚ್ಚಿಸಿಕೊಳ್ಳದೆ ನೇರ ಎತ್ತರದಲ್ಲಿ 100 ಮೀಟರ್ ಇಳಿದರೆ ಹುಟ್ಟುವ ಶಾಖ ಸುಮಾರು 75 ಲೀಟರ್, ಅಂದರೆ ನಾಲ್ಕೈದು ಕೊಡ, ತಣ್ಣೀರನ್ನು ಕುದಿಯುವ ಹಂತಕ್ಕೆ ತರಬಲ್ಲದು. ಇದರಲ್ಲಿ ಎಂಜಿನ್ ತಡೆದಷ್ಟು ಬಿಟ್ಟು ಮಿಕ್ಕಿದ್ದೆಲ್ಲವೂ ಡ್ರಮ್ಮಿಗೇ ಹೋಗುತ್ತದೆ. ಹೀಗಿರುವಾಗ ಅದೇ ಡ್ರಮ್ಮಿನ ಮೇಲೆ ದೊಡ್ಡ ಬೂಸ್ಟರ್ ಕೂರಿಸಿದರೆ ಒತ್ತಡ ಹೆಚ್ಚೀತೇ ಹೊರತು ಶಾಖವನ್ನು ಹೊರುವ ಶಕ್ತಿ ಹೆಚ್ಚುವುದಿಲ್ಲ. ಸಾಲದ್ದಕ್ಕೆ ನಮ್ಮ ಗಾಡಿಗೆ ಎಬಿಎಸ್ ಇಲ್ಲ; ಖಾಲಿ ಬರುವಾಗ ಒದ್ದೆ ರಸ್ತೆಯಲ್ಲಿ ಹಿಂದಿನ ಚಕ್ರಗಳು ಜಾಮ್ ಆಗಿ ಜಾರುವ ಭಯ ಬೇರೆ.

2018ರಲ್ಲಿ ಮೂರು ಆಕ್ಸಲ್ ಲಾರಿಗಳ ಒಟ್ಟು ತೂಕದ ಮಿತಿ 25ರಿಂದ 28.5 ಟನ್ನಿಗೆ ಏರಿದಾಗಿನಿಂದ ಹೊಸ ಗಾಡಿಗಳೊಡನೆ ಬಾಡಿಗೆಗೆ ಪೈಪೋಟಿ ನಡೆಸುವುದು ನಮಗೆ ಕಷ್ಟವಾಗಿದೆ, ಬ್ರೇಕ್ ಬಲಪಡಿಸಿಕೊಂಡರೆ ಸ್ವಲ್ಪ ಹೆಚ್ಚಿಗೆ ಹೇರಬಹುದೇನೋ ಎಂಬ ಆಸೆ ನನ್ನ ಮನಸ್ಸಿನಲ್ಲಿದ್ದುದು ನಿಜ. ಮೇಸ್ತ್ರಿಗೆ ಅದು ತಿಳಿಯಿತು. "ಯಜಮಾನ್ರೇ, ಬ್ರೇಕ್ ದೊಡ್ಡದಾದ್ರೆ ಆರ್‌ಸಿಲಿರೋ ತೂಕ ದೊಡ್ಡದಾಗಲ್ಲ" ಎಂದರು. ವ್ಯಾಪಾರ ಕಳೆದುಕೊಳ್ಳುವ ಮಾತನ್ನು ಇಷ್ಟು ಸಲೀಸಾಗಿ ಆಡುವವರು ಈ ಕಸುಬಿನಲ್ಲಿ ಕಡಿಮೆ.

ಕೊನೆಗೆ ಹಿಂದಿನ ನಾಲ್ಕು ಕಡೆಗೂ ಹೊಸ ಡ್ರಮ್, ಒಂದೇ ದರ್ಜೆಯ ಲೈನರ್, ರಾಡಿನ ಓಟವನ್ನು ಸರಿಹೊಂದಿಸಲು ಕೈಯಿಂದ ತಿರುಗಿಸುವ ಸ್ಲ್ಯಾಕ್ ಅಡ್ಜಸ್ಟರುಗಳ ಬದಲು, ಲೈನರ್ ಸವೆದಂತೆ ತಾನೇ ಸರಿಹೊಂದಿಸಿಕೊಳ್ಳುವ ಆಟೋಮ್ಯಾಟಿಕ್ ಸ್ಲ್ಯಾಕ್ ಅಡ್ಜಸ್ಟರು ಹಾಕಿದರು. ಎಷ್ಟೋ ದಿನದಿಂದ ಕೆಟ್ಟಿದ್ದ ಎಕ್ಸಾಸ್ಟ್ ಬ್ರೇಕ್ (ಎಂಜಿನ್ನಿನ ಹೊಗೆಯನ್ನು ತಡೆದು ಗಾಡಿಯ ವೇಗ ತಗ್ಗಿಸುವ ಸಾಧನ) ದುರಸ್ತಿಯಾಯಿತು. ಹಳೆಯ ಡ್ರಮ್ಮುಗಳನ್ನು ಹಿಂದೊಂದು ಗ್ಯಾರೇಜಿನಲ್ಲಿ ಮಿತಿ ಮೀರಿ ಲೇತ್ ಹಿಡಿಸಿ ತೆಳ್ಳಗಾಗಿಸಿದ್ದರೆಂಬುದು ಬಿಚ್ಚಿದಾಗ ಗೊತ್ತಾಯಿತು. ಒಳಮೈ ತುಂಬ ಕೂದಲೆಳೆಯಂಥ ಬಿರುಕುಗಳಿದ್ದವು. ಹೊಸ ಅಡ್ಜಸ್ಟರನ್ನು ಚಾಲಕ ದಾರಿಯಲ್ಲಿ ಸ್ಪ್ಯಾನರ್ ಹಾಕಿ ಬಿಗಿ ಮಾಡಬಾರದು, ರಾಡು ಮತ್ತೆ ಮಿತಿ ಮೀರಿದರೆ ದೋಷ ಬೇರೆಲ್ಲೋ ಇದೆಯೆಂದೇ ಅರ್ಥ ಎಂದು ನಮ್ಮ ಚಾಲಕನನ್ನು ಕರೆದು ತೋರಿಸಿಕೊಟ್ಟದ್ದು ನನಗೆ ಬಹಳ ಹಿಡಿಸಿತು.

ಬೇಸರದ ಸಂಗತಿಗಳೂ ಇವೆ. ಒಂದೂವರೆ ದಿನದ ಕೆಲಸಕ್ಕೆ ನಾಲ್ಕು ದಿನ ಹಿಡಿಯಿತು. 54,000 ರೂಪಾಯಿ ಎಂದಿದ್ದ ಅಂದಾಜು 62,000ಕ್ಕೆ ಹೋಯಿತು, ಹೆಚ್ಚಿನ ಬಾಬ್ತಿನ ವಿಷಯವನ್ನು ನನಗೆ ಫೋನ್ ಮಾಡಿ ತಿಳಿಸಲೇ ಇಲ್ಲ. ಅಳತೆಗಳನ್ನು ಬಿಲ್ಲಿನ ಹಿಂದೆ ಬರೆಸಿಕೊಳ್ಳಲು ನಾನೇ ಪಟ್ಟು ಹಿಡಿಯಬೇಕಾಯಿತು.

ಅದಾದ ಮೇಲೆ ಮೂರು ಲೋಡು ಘಾಟಿ ಇಳಿದಿದೆ. ಹತ್ತುವಾಗ ಯಾವ ಗೇರೋ ಇಳಿಯುವಾಗಲೂ ಅದೇ ಗೇರು, ಜೊತೆಗೆ ಎಕ್ಸಾಸ್ಟ್ ಬ್ರೇಕ್, ಪೆಡಲನ್ನು ಆಗಾಗ ಮಾತ್ರ ತುಳಿಯುವುದು ಎಂಬ ಕ್ರಮದಲ್ಲಿ ಬಂದು ಘಾಟಿಯ ಬುಡದ ಗುಂಡ್ಯದಲ್ಲಿ ನಿಲ್ಲಿಸಿ, ಡ್ರಮ್ ಮುಟ್ಟದೆ ಅಂಗೈಯನ್ನು ಹತ್ತಿರ ಹಿಡಿದು ಪ್ರತಿ ಚಕ್ರದ ಬಿಸಿಯನ್ನು ಹೋಲಿಸಿ ನೋಡಿದೆವು. ವಾಸನೆಯಿಲ್ಲ. ಆದರೆ ಬಲಬದಿಯ ಕೊನೆಯ ಚಕ್ರ ಮಾತ್ರ ಮಿಕ್ಕವಕ್ಕಿಂತ ತುಸು ಹೆಚ್ಚು ಕಾಯುತ್ತಿದೆ. 5,000 ಕಿಲೋಮೀಟರ್ ಓಡಿದ ಮೇಲೆ ಉಚಿತವಾಗಿ ಪರೀಕ್ಷಿಸಿಕೊಡುವುದಾಗಿ ಹೇಳಿದ್ದಾರೆ. ಅಲ್ಲಿಯವರೆಗೆ ಕಾಯದೆ ಬರುವ ಸೋಮವಾರವೇ ಗಾಡಿಯನ್ನು ಒಯ್ಯುತ್ತಿದ್ದೇನೆ.