ಐಬಿಡಿ ಆನ್‌ಲೈನ್ ಸಿಎಂಇ: ವರ್ಷದ ಚಂದಾ ಮುಗಿದ ಮೇಲೆ

ಬಾಗಲಕೋಟೆಯಲ್ಲಿ ನಾನು ಫಿಜಿಷಿಯನ್. ಐಬಿಡಿ ಎಂದರೆ ಕ್ರೋನ್ಸ್, ಅಲ್ಸರೇಟಿವ್ ಕೊಲೈಟಿಸ್‌ನಂಥ ಕರುಳಿನ ದೀರ್ಘಕಾಲದ ಉರಿಯೂತದ ಕಾಯಿಲೆಗಳು; ಸಿಎಂಇ ಎಂದರೆ ವೈದ್ಯರ ಮುಂದುವರಿದ ಶಿಕ್ಷಣ. ಈ ಕೋರ್ಸಿಗೆ ದುಡ್ಡು ಕಟ್ಟಿದ್ದು ಕ್ರೆಡಿಟ್ ಆಸೆಗಲ್ಲ. ವೈದ್ಯರ ನೋಂದಣಿ ನವೀಕರಣಕ್ಕೆ ಬೇಕಾದ ಐದು ವರ್ಷಕ್ಕೆ 30 ಗಂಟೆ ಹೇಗೋ ಆಗುತ್ತದೆ. ತಿಂಗಳುಗಟ್ಟಲೆ ಆಮಶಂಕೆಯ ಔಷಧಿ ಮೆಟ್ರೊನಿಡಜೋಲ್ ನುಂಗಿಯೂ ರಕ್ತಭೇದಿ ನಿಲ್ಲದೆ ಸೊರಗಿ ಬರುವವರನ್ನು ನೋಡಿ ಸೇರಿದೆ.

ಮೊದಲ ವಾರಗಳಲ್ಲಿ ಸಿಟ್ಟೇ ಬಂತು. ಬಲಗಡೆ ಕೆಳಹೊಟ್ಟೆ ನೋವು, ಸಂಜೆ ಜ್ವರ, ಇಳಿದ ತೂಕ ಎಂದರೆ ನಮ್ಮ ಕಡೆ ಮೊದಲು ನೆನಪಾಗಬೇಕಾದ್ದು ಕರುಳಿನ ಟಿಬಿ, ಆಮೇಲೆ ಕ್ರೋನ್ಸ್. ಇಲ್ಲಿ ಟಿಬಿಗೆ ಒಂದೇ ಸ್ಲೈಡ್; ರೋಗನಿರೋಧಕ ಶಕ್ತಿ ತಗ್ಗಿಸುವ ಇನ್‌ಫ್ಲಿಕ್ಸಿಮ್ಯಾಬ್ ಇಂಜೆಕ್ಷನ್ ಕೊಡುವ ಮುಂಚೆ ಎದೆಯ ಎಕ್ಸ್‌ರೇ, ಮಾಂಟೂ (ಟಿಬಿಯ ಚರ್ಮ ಪರೀಕ್ಷೆ) ಮಾಡಿಸಿ ಎಂಬಲ್ಲಿಗೆ ಮುಗಿಯಿತು. ಕರುಳಿನಲ್ಲಿ ಅಡ್ಡಡ್ಡ ಹುಣ್ಣಿದ್ದರೆ ಟಿಬಿ ಅನುಮಾನ ಹೆಚ್ಚು, ಉದ್ದುದ್ದ ಇದ್ದರೆ ಕ್ರೋನ್ಸ್ ಎಂಬ ಮಾತೇ ಇಲ್ಲ. ಬಯಾಪ್ಸಿಯಲ್ಲೂ ಗೊತ್ತಾಗದಿದ್ದರೆ ಟಿಬಿ ಔಷಧಿ ಶುರುಮಾಡಿ, ಎರಡು-ಮೂರು ತಿಂಗಳಿಗೆ ಮತ್ತೆ ಸ್ಕೋಪ್ (ಕರುಳಿನೊಳಗೆ ಕ್ಯಾಮೆರಾ ಬಿಟ್ಟು ನೋಡುವುದು) ಮಾಡಿ ಹುಣ್ಣು ಮಾಯ್ದಿದೆಯೇ ನೋಡುವ ಕ್ರಮವನ್ನೂ ಹೇಳಲಿಲ್ಲ. ಟಿಬಿ ಇರುವವರಿಗೆ ಕ್ರೋನ್ಸ್ ಎಂದು ಸ್ಟೀರಾಯ್ಡ್ ಬರೆದರೆ ಜೀವಕ್ಕೇ ಕುತ್ತು. ಕೋರ್ಸಿನವರಿಗೆ ಬರೆದು ಕೇಳಿದೆ. ಧನ್ಯವಾದ ಬಂತು, ಪಾಠ ಬರಲಿಲ್ಲ.

ಬಿಡದೆ ಮುಂದುವರಿದದ್ದು ಕೇಸುಗಳಿಗಾಗಿ. ಬೆಳಿಗ್ಗೆ ಓಪಿಡಿಯಲ್ಲಿ ಕಸ ಗುಡಿಸುವ ಹೊತ್ತಿಗೆ ಚಹಾ ಹಿಡಿದು ಕೂತು ಒಂದು ಕೇಸ್ ನೋಡುತ್ತೇನೆ. ಮೊದಲ ಪೇಷಂಟ್ ಬರುವಷ್ಟರಲ್ಲಿ ಮುಗಿಯುತ್ತದೆ. ತೀವ್ರ ಅಲ್ಸರೇಟಿವ್ ಕೊಲೈಟಿಸ್ ಕೇಸಂತೂ ಬಹಳ ಚೆನ್ನಾಗಿದೆ. ದಿನಕ್ಕೆ ಆರು ಸಲವೋ ಹೆಚ್ಚೋ ರಕ್ತಭೇದಿ, ನಾಡಿ 90 ದಾಟಿದೆ, ಅಡ್ಮಿಟ್ ಮಾಡಿ ಐವಿ ಸ್ಟೀರಾಯ್ಡ್ ಹಾಕಿದ್ದಾಗಿದೆ. ಮೂರನೇ ದಿನ ಕೇಸ್ ಅಲ್ಲೇ ನಿಂತು ನಮ್ಮ ಉತ್ತರ ಕೇಳುತ್ತದೆ. ಇನ್ನೂ ಎಂಟಕ್ಕಿಂತ ಹೆಚ್ಚು ಸಲ ಹೋಗುತ್ತಿದ್ದರೆ, ಅಥವಾ ಮೂರರಿಂದ ಎಂಟು ಸಲವಿದ್ದು ಸಿಆರ್‌ಪಿ (ಉರಿಯೂತ ತೋರಿಸುವ ರಕ್ತಪರೀಕ್ಷೆ) 45ಕ್ಕಿಂತ ಮೇಲಿದ್ದರೆ, ಸರ್ಜನ್‌ಗೆ ತಿಳಿಸಿ ಮುಂದಿನ ಔಷಧಿಗೆ ಹೋಗಬೇಕು. ನಮ್ಮಂಥ ಊರಿನಲ್ಲಿ ಬೆಳಗಾವಿಗೋ ಹುಬ್ಬಳ್ಳಿಗೋ ಕಳಿಸುವುದಾದರೆ ಅವತ್ತೇ ಕಳಿಸಬೇಕು.

ಎನಿಮಾ ಪಾಠ ಇಷ್ಟು ಉಪಯೋಗಕ್ಕೆ ಬರುತ್ತದೆ ಅಂದುಕೊಂಡಿರಲಿಲ್ಲ. ಮಲಗುವ ಹೊತ್ತಿಗೆ, ಎಡಮಗ್ಗುಲಾಗಿ, ಬಾಟಲಿ ಚೆನ್ನಾಗಿ ಅಲುಗಾಡಿಸಿ ಉರಿಯೂತ ಇಳಿಸುವ ಔಷಧಿ ಮೆಸಲಮಿನ್ ಅನ್ನು ಗುದದ್ವಾರದಿಂದ ಹಾಕಿಕೊಳ್ಳುವುದನ್ನು ನಿಧಾನವಾಗಿ ತೋರಿಸಿದ್ದಾರೆ. "ಗುಳಿಗಿ ಅಷ್ಟ ಕೊಡ್ರಿ ಸರ್, ಅದು ಬ್ಯಾಡ್ರಿ" ಎನ್ನುತ್ತಿದ್ದವರಿಗೆ ಈಗ ಹಾಗೇ ತೋರಿಸುತ್ತೇನೆ, ಮುಜುಗರ ಬಿಟ್ಟು ಒಪ್ಪುತ್ತಾರೆ.

ಆಹಾರದ ಪಾಠ ಬ್ರೆಡ್, ಚೀಸ್ ಸುತ್ತಲೇ ತಿರುಗುತ್ತದೆ. ಜೋಳದ ರೊಟ್ಟಿ ತಿನ್ನಬಹುದೇ ಎಂದು ಕೇಳುವವರಿಗೆ ಅದರಲ್ಲಿ ಉತ್ತರವಿಲ್ಲ.

ಬೆಂಗಳೂರಿಗೆ ಒಂದು ಕಾನ್ಫರೆನ್ಸಿಗೆ ಹೋಗಿಬರುವ ಖರ್ಚಿಗಿಂತ ಚಂದಾ ಕಡಿಮೆ, ಮತ್ತೆ ಕಟ್ಟಿದ್ದೇನೆ. ಪಿಜಿ ಹುಡುಗರು ಮಾತ್ರ ವಾರ್ಡಿನಲ್ಲಿ ಟಿಬಿ ಕೇಸುಗಳನ್ನು ಸರಿಯಾಗಿ ನೋಡಿಕೊಂಡು ಸೇರಲಿ. ಸದ್ಯಕ್ಕೆ ಮೂರು ಸ್ಟಾರ್.