ಮಾರಾ ಸಫಾರಿ: ಪ್ರಾಣಿಗಳ ಮೇಲೆ ನನಗೆ ದೂರಿಲ್ಲ

ಕೀನ್ಯಾದ ಮಸಾಯಿ ಮಾರಾ ಅಭಯಾರಣ್ಯದಲ್ಲಿ ಸಿಂಹ ಕಂಡವು. ಕೊಂಬೆಯ ಮೇಲೆ ಕಾಲು ಇಳಿಬಿಟ್ಟು ಮಲಗಿದ್ದ ಚಿರತೆಯೂ ಕಂಡಿತು, ಅದೂ ನಮ್ಮ ಡ್ರೈವರ್‌ನ ಹದ್ದಿನ ಕಣ್ಣಿನಿಂದಾಗಿ. ಆದರೂ ಒಂದೇ ಸ್ಟಾರ್ ಕೊಡುತ್ತಿದ್ದೇನೆ. ಅದು ನೈರೋಬಿಯ ಆಫೀಸಿನಲ್ಲಿ ಕೂತು ನಮಗೆ ಈ ಪ್ರವಾಸ ಮಾರಿದ ಬುಕಿಂಗ್ ಕಂಪನಿಗೆ.

ಅಪ್ಪನಿಗೆ ವೈಲ್ಡ್‌ಬೀಸ್ಟ್ (ಜಿಂಕೆಯಂಥ ದೊಡ್ಡ ಪ್ರಾಣಿ) ಹಿಂಡು ಮಾರಾ ನದಿ ದಾಟುವುದನ್ನು ಕಣ್ಣಾರೆ ನೋಡಬೇಕೆಂಬ ಆಸೆ. ಪಕ್ಕದ ಟಾಂಜಾನಿಯಾದ ಸೆರೆಂಗೆಟಿಯಿಂದ ಹಿಂಡುಗಳು ಕೀನ್ಯಾ ಕಡೆ ಬಂದಿರುವುದು ಸಾಮಾನ್ಯವಾಗಿ ಜುಲೈಯಿಂದ ಅಕ್ಟೋಬರ್‌ವರೆಗೆ, ಹಾಗಾಗಿ ಆಗಸ್ಟ್ ಆರಿಸಿಕೊಂಡೆವು. ವೆಬ್‌ಸೈಟಿನಲ್ಲಿ ಇದ್ದದ್ದು: ಲ್ಯಾಂಡ್ ಕ್ರೂಸರ್, ಎಲ್ಲರಿಗೂ ಕಿಟಕಿ ಸೀಟು, ಪಾರ್ಕ್ ಶುಲ್ಕ ಸೇರಿ, ಮಾರಾ ಒಳಗೇ ಕ್ಯಾಂಪ್. ಇದರಲ್ಲಿ ಕಿಟಕಿ ಮಾತ್ರ ನಿಜವಾಯಿತು.

ಬೆಳಗ್ಗೆ ಹೋಟೆಲ್ ಮುಂದೆ ಬಂದು ನಿಂತದ್ದು ಚಾವಣಿ ಮೇಲೇಳುವ ವ್ಯಾನ್. ಫೋನ್ ಮಾಡಿದರೆ, "ದಾರಿಯಲ್ಲಿ ನಾರೋಕ್ ಪಟ್ಟಣದಲ್ಲಿ ಗಾಡಿ ಬದಲಾಗುತ್ತೆ" ಅಂದರು. ದಾರಿಯಲ್ಲಿ ರಿಫ್ಟ್ ಕಣಿವೆಯ ವ್ಯೂ ಪಾಯಿಂಟ್: ಕಣಿವೆ ನೋಡಲು ಹತ್ತು ನಿಮಿಷ, ಪಕ್ಕದ ಕರಕುಶಲ ಅಂಗಡಿಯಲ್ಲಿ ಮುಕ್ಕಾಲು ಗಂಟೆ. ನಾರೋಕ್ ಬಂತು, ಊಟ ಆಯಿತು, ಗಾಡಿ ಬದಲಾಗಲಿಲ್ಲ. ಇನ್ನಿಬ್ಬರು ಬಂದು ಹತ್ತಿಕೊಂಡರು. ವ್ಯಾನಿನಲ್ಲಿ ಮಾರಾಕ್ಕೆ ಹೋಗುವವರು ಬೇಕಾದಷ್ಟು ಜನ ಇದ್ದಾರೆ, ಅದು ಅಗ್ಗ ಕೂಡ. ಮಳೆ ಬಿದ್ದರೆ ಅಲ್ಲಿನ ಎರೆಮಣ್ಣಿನಲ್ಲಿ ಹೂತುಕೊಳ್ಳುತ್ತದೆ, ಅಷ್ಟೇ. ವ್ಯಾನ್ ಎಂದು ಹೇಳಿ ವ್ಯಾನಿನ ದುಡ್ಡು ತೆಗೆದುಕೊಂಡಿದ್ದರೆ ನನ್ನ ಬಾಯಿ ಬಂದ್.

ಮಾರಾ ಒಳಗೆ ಹೋಗುವ ಸೆಕೆನಾನಿ ಗೇಟಿನಲ್ಲಿ ಮುಂದಿನ ಪಂಚಾಯಿತಿ. 2024ರ ಪಾರ್ಕ್ ದರದಂತೆ ಹೊರದೇಶದ ವಯಸ್ಕರಿಗೆ ಜನವರಿಯಿಂದ ಜೂನ್‌ವರೆಗೆ ದಿನಕ್ಕೆ 100 ಡಾಲರ್, ಜುಲೈಯಿಂದ ಡಿಸೆಂಬರ್‌ವರೆಗೆ 200. ಕಂಪನಿ ನಮ್ಮ ಆಗಸ್ಟ್ ಪ್ರವಾಸಕ್ಕೆ ಲೆಕ್ಕ ಹಾಕಿದ್ದು 100ರಂತೆ. "ಈಗ ವ್ಯತ್ಯಾಸ ನೀವು ಕಟ್ಟಿಬಿಡಿ, ಆಮೇಲೆ ವಾಪಸ್ ಹಾಕ್ತೀವಿ" ಎಂದು ಮೆಸೇಜ್ ಬಂತು. ಸಫಾರಿ ಮಾರುವುದೇ ಕಸುಬಾದವರಿಗೆ ಆಗಸ್ಟ್‌ನ ದರ ಗೊತ್ತಿರಲಿಲ್ಲವಂತೆ! ಯಾರ ಮುಂದೆ ಕಾಗೆ ಹಾರಿಸುತ್ತಾರೆ? ಹಿಂದೆ ಗಾಡಿಗಳ ಸಾಲು ಬೆಳೆಯುತ್ತಿತ್ತು. "ಬಿಡಮ್ಮ, ಆಮೇಲೆ ನೋಡೋಣ" ಎಂದು ಅಪ್ಪ ಕಾರ್ಡ್ ಕೊಟ್ಟರು.

ಕ್ಯಾಂಪ್ ಗೇಟಿನ ಹೊರಗಿತ್ತು. ಟೆಂಟು ಚೊಕ್ಕಟ, ಬಿಸಿನೀರು ಬರುತ್ತಿತ್ತು, ಊಟಕ್ಕೆ ಹೆಸರಿಡುವಂತಿಲ್ಲ. ಆದರೆ ಹೊರಗೆ ಅಂದರೆ ದಿನಾ ಬೆಳಗ್ಗೆ ಆರಕ್ಕೆ ಗೇಟ್ ತೆರೆಯುವವರೆಗೆ ಸಾಲಿನಲ್ಲಿ ನಿಲ್ಲುವುದು, ಅಲ್ಲಿಂದ ನದಿಗೆ ಮತ್ತೆ ಉದ್ದದ ಹಾದಿ. ಒಳಗೆ ಉಳಿದವರು ಅಷ್ಟರಲ್ಲಿ ದಡ ಸೇರಿರುತ್ತಾರೆ.

ನನಗೆ ಇವತ್ತಿಗೂ ಸಿಟ್ಟು ಬರುವುದು ನದಿಯ ಹತ್ತಿರ ನಡೆದದ್ದಕ್ಕೆ. ಮಾರಾದಲ್ಲಿ ಟಿಕೆಟ್ ಬೆಳಗ್ಗೆ 6ರಿಂದ ಸಂಜೆ 6ರವರೆಗೆ. ಒಳಗೆ ತಂಗಿದವರು ಮಾತ್ರ ವಾಪಸ್ ಹೊರಡುವ ದಿನ ಬೆಳಗ್ಗೆ 10ರೊಳಗೆ ಗೇಟ್ ದಾಟಬೇಕು, ಇಲ್ಲದಿದ್ದರೆ ಇನ್ನೊಂದು ದಿನದ ಶುಲ್ಕ. ನಾರೋಕ್‌ನಲ್ಲಿ ಹತ್ತಿದ ಆ ಇಬ್ಬರು ಒಳಗಿನ ಕ್ಯಾಂಪಿನವರು, ಅವತ್ತು ಹೊರಡುವವರು. ನಾವು ಇನ್ನೂ ಒಂದು ರಾತ್ರಿ ಉಳಿಯುವವರು, ನಮ್ಮ ಟಿಕೆಟ್ ಸಂಜೆಯವರೆಗಿತ್ತು. ಆಚೆ ದಡದಲ್ಲಿ ಸಾವಿರಾರು ವೈಲ್ಡ್‌ಬೀಸ್ಟ್. ಮುಂದಿದ್ದ ಕೆಲವು ಜೀಬ್ರಾ ನೀರಿಗೆ ಮೂಗು ಹಚ್ಚುತ್ತಿದ್ದವು, ಬೆದರಿ ಮೇಲೆ ಓಡುತ್ತಿದ್ದವು, ಮತ್ತೆ ಇಳಿಯುತ್ತಿದ್ದವು. ಕೆಳಗೆ ಮೊಸಳೆಗಳು ಕದಲದೆ ಬಿದ್ದಿದ್ದವು. ಅಪ್ಪ ಬೈನಾಕ್ಯುಲರ್ ಇಳಿಸಲೇ ಇಲ್ಲ. ಡ್ರೈವರ್ ಮಾತ್ರ ಗಡಿಯಾರ ನೋಡುತ್ತಿದ್ದ. ಕಂಪನಿಗೆ ಫೋನ್ ಮಾಡಿ, ಪಾಪ, ನಮ್ಮ ಪರವಾಗಿ ಬೇಡಿಕೊಂಡ. ಎಲ್ಲರನ್ನೂ ಕರಕೊಂಡು ಬಾ ಎಂದು ಹುಕುಂ ಆಯಿತು. ಆ ಇಬ್ಬರೂ ಮುಖ ಸಣ್ಣ ಮಾಡಿಕೊಂಡು ಕೂತಿದ್ದರು. ಅವರಿಗೂ ನಮ್ಮ ವಿಷಯ ಹೇಳಿರಲಿಲ್ಲವಂತೆ. ಗಾಡಿ ತಿರುಗಿಸಿ ಸ್ವಲ್ಪ ದೂರ ಬಂದಿದ್ದೇವೆ, ಡ್ರೈವರುಗಳ ರೇಡಿಯೋದಲ್ಲಿ ಗದ್ದಲ ಶುರು: ಹಿಂಡು ನೀರಿಗೆ ಇಳಿದಿತ್ತು.

ದೂರು ಕೊಟ್ಟದ್ದಕ್ಕೆ ಬಂದ ಉತ್ತರ, "ಪ್ರಕೃತಿಗೆ ಯಾರೂ ಗ್ಯಾರಂಟಿ ಕೊಡಲಾಗದು." ನಾನು ಬರೆದಿದ್ದದ್ದು ವ್ಯಾನಿನ ವಿಷಯ! ಜೊತೆಗೆ ಮುಂದಿನ ಪ್ರವಾಸಕ್ಕೆ ಶೇಕಡಾ 10 ರಿಯಾಯಿತಿ ಅಂತ ಮೂಗಿಗೆ ತುಪ್ಪ ಸವರಿದ್ದಾರೆ. ಶುಲ್ಕದ ವ್ಯತ್ಯಾಸ ಇನ್ನೂ ಬಂದಿಲ್ಲ. ಅಪ್ಪ ಪ್ರತಿ ಸೋಮವಾರ ಗೇಟಿನ ರಸೀದಿಯ ಫೋಟೋ ಕಳಿಸುತ್ತಾರೆ, ಆ ಕಡೆ ನೀಲಿ ಟಿಕ್ ಬೀಳುತ್ತದೆ. ಇವರ ಸೈಟಿನಲ್ಲಿ ಕೀನ್ಯಾ ಟೂರ್ ಆಪರೇಟರುಗಳ ಸಂಘದ ಲಾಂಛನ ಇದೆ. ಸದಸ್ಯತ್ವದ ವಿವರ ಕೇಳಿದ ಮೆಸೇಜಿಗೂ ಅದೇ ನೀಲಿ ಟಿಕ್.

ಡ್ರೈವರ್‌ಗೆ ಟಿಪ್ಸ್ ಅವನ ಕೈಗೇ ಕೊಟ್ಟೆವು. ಆಫೀಸಿನ ಮೂಲಕ ಕೊಡಿ ಎಂದಿದ್ದರು, ಕೊಡಲಿಲ್ಲ.

ಇಂಥ ಕಡೆ ಈಗಾಗಲೇ ಮುಂಗಡ ಕಟ್ಟಿದ್ದರೆ, ಬಾಕಿ ಕಟ್ಟುವ ಮೊದಲು ಎರಡು ಮಾತು ಬರಹದಲ್ಲಿ ತರಿಸಿಕೊಳ್ಳಿ: ಗಾಡಿ ನಿಮಗೆ ಮಾತ್ರ ಮೀಸಲೋ ಅಲ್ಲವೋ, ಬೇರೆಯವರಿದ್ದರೆ ಅವರು ಹೊರಡುವ ದಿನ ಯಾವುದು. ಕ್ಯಾಂಪಿನ ಹೆಸರನ್ನು ನಕ್ಷೆಯಲ್ಲಿ ನೀವೇ ಹುಡುಕಿ, ಗೇಟಿನ ಯಾವ ಪಕ್ಕ ಬರುತ್ತದೆ ನೋಡಿ.