ಬ್ಲೂ-ರೇಯಲ್ಲಿ ಮತ್ತೊಮ್ಮೆ ‘ದ ಟ್ವಿಲೈಟ್ ಝೋನ್’

ಅಮೆರಿಕದ ಸಿಬಿಎಸ್ ವಾಹಿನಿಯಲ್ಲಿ 1959ರಿಂದ 1964ರವರೆಗೆ ಪ್ರಸಾರವಾದ ‘ದ ಟ್ವಿಲೈಟ್ ಝೋನ್’ ಎಂಬ, ಕಂತಿಗೊಂದು ವಿಚಿತ್ರ ಕಥೆಯ ಸರಣಿಯ 156 ಕಂತುಗಳನ್ನು ಶಿರಸಿಯ ಮಳೆಗಾಲದಲ್ಲಿ, ಕರೆಂಟು ಇದ್ದಷ್ಟು ಹೊತ್ತು, ಬ್ಲೂ-ರೇ ಡಿಸ್ಕ್‌ಗಳಲ್ಲಿ ಮತ್ತೆ ನೋಡಿದೆ. ಮೂಲ ಚಿತ್ರೀಕರಣ 35 ಎಂಎಂ ಫಿಲ್ಮಿನಲ್ಲಿ ನಡೆದಿದ್ದರಿಂದ ಕಪ್ಪು-ಬಿಳುಪಿನ ನೆರಳುಗಳೂ ನಟರ ಹಣೆಯ ಬೆವರೂ ನಿಚ್ಚಳವಾಗಿ ಕಾಣುತ್ತವೆ. ಖರ್ಚು ಉಳಿಸಲು ಎರಡನೆಯ ಸೀಸನ್ನಿನಲ್ಲಿ ವಿಡಿಯೊ ಟೇಪಿಗೆ ಇಳಿಸಿದ ಆರು ಕಂತುಗಳು ಮಾತ್ರ ಮಸುಕಾಗಿಯೇ ಇವೆ, ಅದಕ್ಕೆ ಡಿಸ್ಕನ್ನು ದೂರುವಂತಿಲ್ಲ.

92 ಕಂತುಗಳನ್ನು ತಾವೇ ಬರೆದ, ಸರಣಿಯ ರೂವಾರಿ ರಾಡ್ ಸರ್ಲಿಂಗ್, ಪ್ರಾಯೋಜಕರು ನೇರವಾಗಿ ಹೇಳಲು ಬಿಡದಿದ್ದ ಜನಾಂಗದ್ವೇಷ, ಯುದ್ಧಭೀತಿಗಳಿಗೆ ಅನ್ಯಗ್ರಹದ ವೇಷ ತೊಡಿಸಿದರು. ಮೇಪಲ್ ಸ್ಟ್ರೀಟ್ ಎಂಬ ಬೀದಿಯ ಕಂತಿನಲ್ಲಿ ವಿದ್ಯುತ್ ಹೋದೊಡನೆ ನೆರೆಹೊರೆಯವರು ಪರಸ್ಪರ ಶಂಕಿಸತೊಡಗಿ, ಕೊನೆಗೆ ತಮ್ಮವನೊಬ್ಬನನ್ನೇ ಗುಂಡಿಕ್ಕಿ ಕೊಲ್ಲುತ್ತಾರೆ. ಅನ್ಯಗ್ರಹದವರು ವಿದ್ಯುತ್ತನ್ನಷ್ಟೇ ಆಡಿಸಿ, ಗುಡ್ಡದ ಮೇಲೆ ನಿಂತು ನೋಡುತ್ತಾರೆ. (ಕರೆಂಟು ಹೋಗುವುದು ನಮಗೆ ನಿತ್ಯದ ಸಂಗತಿ, ಆ ಲೆಕ್ಕದಲ್ಲಿ ಮಲೆನಾಡಿನವರು ಬಹಳ ಸಹನಶೀಲರು.) ಒಂದು ಗಂಟೆಗೆ ಹಿಗ್ಗಿಸಿದ ನಾಲ್ಕನೆಯ ಸೀಸನ್ ನನ್ನ ಮಟ್ಟಿಗೆ ಎಳೆದಾಟ, ಅರ್ಧ ಗಂಟೆಯ ಬಿಗಿ ಅದಕ್ಕಿಲ್ಲ.

ಕೊಳ್ಳುವವರು ವಲಯದ ಗುರುತನ್ನು ನೋಡಿಕೊಳ್ಳಬೇಕು: ಬ್ಲೂ-ರೇ ವಿಂಗಡಣೆಯಲ್ಲಿ ಅಮೆರಿಕ ‘ಎ’ ವಲಯದಲ್ಲೂ ಭಾರತ ‘ಸಿ’ ವಲಯದಲ್ಲೂ ಇರುವುದರಿಂದ, ಅಲ್ಲಿಂದ ತರಿಸಿದ ಡಿಸ್ಕ್ ಇಲ್ಲಿನ ಪ್ಲೇಯರಿನಲ್ಲಿ ಓಡದಿರಬಹುದು.